ಮಗಳಿಗೆ ಊದದ ಸೀಟಿ

ಮೈದಾನದಲ್ಲಿ ರೆಫರಿಯನ್ನು ಬೈಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ರೆಫರಿಯ ಕಡೆಯವನೇ ಆಗಿ, ಕೈಯಲ್ಲಿ ಬಾವುಟ ಹಿಡಿದುಕೊಂಡು, ಗೆರೆಯುದ್ದಕ್ಕೂ ಓಡುತ್ತಲೇ ರೆಫರಿಗೆ ಹಿಡಿಶಾಪ ಹಾಕುವ ಹಣೆಬರಹ ಇಡೀ ಊರಿನಲ್ಲಿ ನನ್ನೊಬ್ಬನದೇ ಇರಬೇಕು. ಆ ರೆಫರಿ ನನ್ನ ಭಾವ, ಅಕ್ಕನ ಗಂಡ. ಮೈದಾನದಲ್ಲಿ ಬೈದು ಮನೆಗೆ ಹೋಗಿ ಮರೆಯೋಣವೆಂದರೆ ಅದಕ್ಕೂ ದಾರಿಯಿಲ್ಲ. ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಗೊಣಗಿದರೆ ಅವರಿಗೆ ಕೇಳುತ್ತದೆ. ಕೇಳಲಿ ಅಂತಲೇ ನಾನು ಗೊಣಗುವುದು.

ಭಾವನದು ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪು ಹಾಕಿ ಬಿಗಿಯುವುದು. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಟ್ಟು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಾರೆ. ಒಂದು ಕಡೆ ಕೂದಲೆಳೆಯಷ್ಟು ತಗ್ಗಿದ್ದರೂ ಬಿಚ್ಚಿ ಮತ್ತೆ ಕೂರಿಸುತ್ತಾರೆ. "ಪರವಾಗಿಲ್ಲ ಬಿಡಿ ಸಾರ್, ಬಸ್ಸು ಹೋಗುತ್ತೆ" ಎಂದು ಗಿರಾಕಿ ಗೋಗರೆದರೂ ಬಿಡುವುದಿಲ್ಲ. ಭಾನುವಾರ ಬಂತೆಂದರೆ ಇದೇ ಮನುಷ್ಯ ಕಪ್ಪು ಅಂಗಿ, ಕಪ್ಪು ಚಡ್ಡಿ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಹುಡುಗಿಯರ ಫುಟ್‌ಬಾಲ್ ಲೀಗಿನ ಪಂದ್ಯಗಳಿಗೆ ರೆಫರಿಯಾಗುತ್ತಿದ್ದರು. ಬದಿಯಿಂದ ಯಾವನಾದರೂ "ರೀ ರೆಫ್ರಿ, ಕನ್ನಡಕ ಹಾಕ್ಕೊಳ್ರೀ!" ಎಂದು ಕೂಗಿದರೆ, ಕೂಗಿದವನ ಮೂಗಿನ ಮೇಲಿರುತ್ತಿದ್ದುದೇ ಇವರು ಕೂರಿಸಿದ ಗಾಜು. ಭಾವ ಅವನತ್ತ ಒಮ್ಮೆ ತಿರುಗಿ, ಫ್ರೇಮು ನೆಟ್ಟಗಿದೆಯೇ ಎಂದು ನೋಡಿ, ಮತ್ತೆ ಚೆಂಡಿನ ಹಿಂದೆ ಓಡುತ್ತಿದ್ದರು.

ನನ್ನದು ಅದೇ ಸಾಲಿನಲ್ಲಿ ಫ್ಯಾನು, ಪಂಪು, ಮಿಕ್ಸಿ ರಿಪೇರಿ ಅಂಗಡಿ. ಒಂದು ಭಾನುವಾರ ಗೆರೆ ಕಾಯುವವನು ಕೈಕೊಟ್ಟ. ಭಾವ ಬಂದು, ಸುಟ್ಟ ಮೋಟಾರಿನ ತಂತಿ ಬಿಚ್ಚುತ್ತಿದ್ದ ನನ್ನ ಕೈಗೆ ಬಾವುಟ ತುರುಕಿ, "ಸುಮ್ನೆ ಓಡು. ಚೆಂಡು ಹೊರಗೆ ಹೋದ್ರೆ ಎತ್ತು, ಅಷ್ಟೇ" ಎಂದರು. ಅಷ್ಟೇ ಅಂತೆ! ಆಫ್‌ಸೈಡ್ ಎಂಬುದೊಂದಿದೆ ಎಂದು ನನಗೆ ಗೊತ್ತಾದದ್ದು ಅರ್ಧ ಆಟ ಮುಗಿದ ಮೇಲೆ, ಅದೂ ಒಬ್ಬ ಗೋಲ್‌ಕೀಪರಿನ ತಾಯಿ ಛತ್ರಿ ಎತ್ತಿಕೊಂಡು ನನ್ನ ಕಡೆ ಬಂದ ಮೇಲೆ. ಆವತ್ತು ಹಿಡಿದ ಬಾವುಟವನ್ನು ಆಮೇಲೆ ಯಾರೂ ವಾಪಸ್ ಕೇಳಲಿಲ್ಲ.

ನಮ್ಮ ಲೀಗಿನಲ್ಲಿ ಆಟಗಾರ್ತಿಯರಿಗೆ ಬರವಿಲ್ಲ, ರೆಫರಿಗಳಿಗೆ ಬರ. ರಜೆಯ ದಿನ ಮನೆಯಲ್ಲಿ ಹಾಯಾಗಿ ಮಲಗುವುದು ಬಿಟ್ಟು ಬೈಸಿಕೊಳ್ಳಲು ಯಾರು ಬರುತ್ತಾರೆ ಹೇಳಿ? ಇದ್ದವರು ಭಾವನೂ ಸೇರಿ ಮೂವರು. ಒಬ್ಬರು ಶಾಲೆಯ ಡ್ರಿಲ್ ಮೇಷ್ಟ್ರು. ಯಾರಾದರೂ ಸೀನಿದರೂ ಸೀಟಿ ಊದುತ್ತಿದ್ದರು, ಅದಕ್ಕೇ ಪೀಪಿ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಇನ್ನೊಬ್ಬ ಮರ ಕೊಯ್ಯುವ ಮಿಲ್ಲಿನವನು. ದಿನವೆಲ್ಲ ಗರಗಸದ ಗದ್ದಲದಲ್ಲಿ ಇದ್ದೂ ಇದ್ದೂ ಯಾರ ಕೂಗೂ ಅವನಿಗೆ ಕೂಗು ಅನ್ನಿಸುತ್ತಿರಲಿಲ್ಲವೋ ಏನೋ, ಮೂಳೆ ಹೊರಗೆ ಬಂದರೆ ಮಾತ್ರ ಅವನ ಲೆಕ್ಕದಲ್ಲಿ ಫೌಲ್. ಒಂದು ವಾರ ಕೈಗೆ ಚೆಂಡು ತಾಗಿದರೆ ಪೆನಾಲ್ಟಿ. ಮುಂದಿನ ವಾರ ಅದೇ ಕೈ, ಅದೇ ಚೆಂಡು, "ಏನಿಲ್ಲ, ಆಡಿ ಆಡಿ!" ಹುಡುಗಿಯರು ಏನಂತ ಕಲಿಯಬೇಕು? ಶನಿವಾರ ಸಂಜೆ ಅವರು ನಾಳೆ ಎದುರಾಳಿ ಯಾರು ಎಂದು ಕೇಳುತ್ತಿರಲಿಲ್ಲ, ರೆಫರಿ ಯಾರು ಎಂದು ಕೇಳುತ್ತಿದ್ದರು. ನಿಯಮ ಕೆಟ್ಟದ್ದಾಗಿದ್ದರೂ ಹೇಗೋ ಸಹಿಸಿಕೊಳ್ಳಬಹುದು, ಸ್ವಾಮಿ. ದಿನಕ್ಕೊಂದು ನಿಯಮವಾದರೆ ಮನುಷ್ಯ ಕಾಲು ಎಲ್ಲಿ ಇಡಬೇಕು? ಇದನ್ನು ನಾನು ಎಷ್ಟು ಸಲ ಸಮಿತಿಯವರ ಮುಂದೆ ಬಾಯಿ ನೋಯುವಷ್ಟು ಹೇಳಿದ್ದೇನೆ. ಹೌದು ಹೌದು ಎಂದು ತಲೆಯಾಡಿಸಿ ಚಹಾ ಕುಡಿದು ಎದ್ದು ಹೋಗುತ್ತಾರೆ.

ಭಾವನಿಗೆ ಬೆಲೆ ಬಂದದ್ದು ಅಲ್ಲೇ. ಅಂಗಿ ಜಗ್ಗಿದರೆ ಫೌಲ್ ಎಂದರೆ ಫೌಲ್. ಆಟ ಶುರುವಾದಾಗಲೂ ಫೌಲ್, ಮುಗಿಯುವಾಗಲೂ ಫೌಲ್, ಗೆಲ್ಲುವವರು ಜಗ್ಗಿದರೂ ಅಷ್ಟೇ, ಸೋಲುವವರು ಜಗ್ಗಿದರೂ ಅಷ್ಟೇ. ಅವರ ಪಂದ್ಯದಲ್ಲಿ ಸೋತವರು ಸಹ ಕೈಕುಲುಕಿ ಹೋಗುತ್ತಿದ್ದರು. ನಮ್ಮಲ್ಲಿ ಕೆಂಪು ಕಾರ್ಡು ತಿಂದವಳು ಮುಂದಿನ ಪಂದ್ಯ ಆಡುವಂತಿಲ್ಲ. ವಿಡಿಯೊ ಇಲ್ಲ, ದೂರು ಕೊಡುವ ಜಾಗವಿಲ್ಲ. ಇರುವುದು ಒಂದೇ ದಾರಿ. ಕಾರ್ಡು ತೋರಿಸಿದ ರೆಫರಿಯೇ ಸಮಿತಿಯ ಮುಂದೆ ಬಂದು "ನಾನು ತಪ್ಪು ನೋಡಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಪೀಪಿ ಮೇಷ್ಟ್ರು ಕುತ್ತಿಗೆ ಹಿಸುಕಿದರೂ ಹೇಳುವ ಪೈಕಿಯಲ್ಲ. ಮಿಲ್ಲಿನವನು ಕಾರ್ಡನ್ನೇ ಮನೆಯಲ್ಲಿ ಮರೆತು ಬರುವವನು. ಭಾವ ಮಾತ್ರ ಹೇಳಿದ್ದರು. ಬೇಕರಿಯವನೊಬ್ಬ ನಡೆಸುವ ತಂಡದ ಗೋಲ್‌ಕೀಪರನ್ನು ಒಮ್ಮೆ ಹೊರಗೆ ಕಳಿಸಿ, ಮಾರನೆಯ ದಿನ ತಾವಾಗಿಯೇ ಹೋಗಿ, "ಬಿಸಿಲು ಕಣ್ಣಿಗೆ ಹೊಡೀತಿತ್ತು. ಆ ಮಗು ಒದ್ದಿಲ್ಲ, ಜಾರಿದ್ದು. ನಾನು ತಪ್ಪು ನೋಡಿದೆ" ಎಂದು ಹೇಳಿ ಕಾರ್ಡು ರದ್ದು ಮಾಡಿಸಿ ಬಂದರು. ಊರೆಲ್ಲ ಭೇಷ್ ಎಂದಿತು. ನಾನೂ ಎದೆಯುಬ್ಬಿಸಿಕೊಂಡು ತಿರುಗಿದೆ.

ಇಂಥ ಮನುಷ್ಯನನ್ನು ಯಾಕಪ್ಪಾ ಬೈತೀಯ ಅಂತೀರಾ? ಬೈಯುವುದು ಗುಬ್ಬಿಯ ವಿಷಯಕ್ಕೆ.

ಗುಬ್ಬಿ ಎಂದರೆ ಭಾವನ ಮಗಳು, ನನ್ನ ಸೋದರ ಸೊಸೆ. ಆಳು ಚಿಕ್ಕದು, ಕಾಲು ಮಾತ್ರ ನೆಲಕ್ಕೆ ತಾಗುತ್ತದೋ ಇಲ್ಲವೋ ಎನ್ನುವಷ್ಟು ಚುರುಕು. ನಮ್ಮ ಬಡಾವಣೆಯ ತಂಡದಲ್ಲಿ ಮುಂದಿನ ಸಾಲಿನವಳು. ಅವಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಪಂದ್ಯದಲ್ಲಿ ಅವಳನ್ನು ಯಾರೋ ಬೀಳಿಸಿದರು, ಭಾವ ಸೀಟಿ ಊದಿದರು. ಬದಿಯಲ್ಲಿ ನಿಂತಿದ್ದ ಯಾವನೋ ಒಬ್ಬ, "ಅಪ್ಪ ರೆಫ್ರಿ, ಮಗಳು ಸ್ಟ್ರೈಕರ್, ಇನ್ನೇನ್ ಬೇಕು!" ಎಂದು ನಕ್ಕ. ಅಷ್ಟೇ. ಅಂದವನು ಮನೆಗೆ ಹೋಗಿ ಉಂಡು ಮಲಗಿ ಮರೆತೂಬಿಟ್ಟಿರುತ್ತಾನೆ. ಇವರಿಗೆ ಆ ಮಾತು ಕಿವಿಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಅಲ್ಲಿಂದಾಚೆ ಭಾವನ ಪಂದ್ಯದಲ್ಲಿ ಗುಬ್ಬಿಯ ಪರವಾಗಿ ಸೀಟಿ ಊದಿದ್ದನ್ನು ನಾನು ಕಂಡಿಲ್ಲ. ಬೇರೆ ಹುಡುಗಿಯ ಅಂಗಿ ಜಗ್ಗಿದರೆ ಫೌಲ್, ಇವಳ ಅಂಗಿ ಹರಿದರೂ ಆಟ ಮುಂದೆ. ಬೇರೆಯವಳು ರೇಗಿದರೆ ಒಂದು ಮಾತಿನ ಎಚ್ಚರಿಕೆ, ಇವಳು "ಸಾರ್" ಎಂದು ಬಾಯಿ ತೆರೆದರೆ ಹಳದಿ ಕಾರ್ಡು.

ಇದು ಎಲ್ಲರಿಗೂ ಗೊತ್ತಿತ್ತು ಎನ್ನುವುದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಲೀಗಿನಲ್ಲಿ ಒಂದು ಪದ್ಧತಿಯಿದೆ. ರೆಫರಿಯ ನೆಂಟರು ಯಾವ ತಂಡದಲ್ಲಾದರೂ ಇದ್ದರೆ ಎದುರು ತಂಡದವರು ಒಪ್ಪಿದರೆ ಮಾತ್ರ ಆ ರೆಫರಿ ಮೈದಾನಕ್ಕಿಳಿಯಬಹುದು. ಅವರ ಹುಡುಗಿಯರಿಗೆ ಅನ್ಯಾಯವಾಗದಿರಲಿ ಎಂದು ಎದುರು ತಂಡದವರಿಗೆ ಕೊಟ್ಟ ಹಕ್ಕು ಅದು. ಆ ಪುಣ್ಯಾತ್ಮರು ಒಪ್ಪುವುದಿರಲಿ, ಕೇಳಿ ಪಡೆಯುತ್ತಿದ್ದರು! ಗುಬ್ಬಿಯ ತಂಡದ ಜೊತೆ ಪಂದ್ಯವಿದ್ದರೆ "ನಮಗೆ ಕನ್ನಡಕದಂಗಡಿಯವರೇ ಬೇಕು, ಅವರಂಥ ನ್ಯಾಯಸ್ಥರು ಇಲ್ಲ" ಎಂದು ಹಟ ಹಿಡಿಯುತ್ತಿದ್ದರು. ಭಾವ ಇದನ್ನು ಹೊಗಳಿಕೆ ಎಂದು ತಿಳಿದುಕೊಂಡು ಸೀಟಿ ತೊಳೆದಿಡುತ್ತಿದ್ದರು. ನಾನು ಗೋಡೆಯ ಈಚೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಗುಬ್ಬಿಗಾದರೂ ಸಿಟ್ಟು ಬರಬೇಕೋ ಬೇಡವೋ? ಬರುತ್ತಿರಲಿಲ್ಲ. "ಅಪ್ಪ ಹತ್ತಿರದಲ್ಲೇ ಇರ್ತಾನೆ ಮಾಮ, ನೀನು ಗೆರೆ ಹತ್ರ ಇರ್ತೀಯ. ಅವನಿಗೇ ಸರಿಯಾಗಿ ಕಾಣೋದು. ನಾನು ಬೇಗ ಬೀಳ್ತೀನಂತೆ, ಅಪ್ಪ ಹೇಳಿದ. ಬೀಳಬಾರದು" ಎನ್ನುತ್ತಿದ್ದಳು. ಹೇಳಿ ಸುಮ್ಮನಿರುವ ಜಾತಿಯೂ ಅಲ್ಲ ಅದು. ಸಂಜೆ ಅಂಗಡಿ ಮುಚ್ಚಿ ಬಂದರೆ ನನ್ನನ್ನು ಹಿತ್ತಿಲ ಓಣಿಗೆ ಎಳೆದುಕೊಂಡು ಹೋಗಿ, "ಮಾಮ, ತಳ್ಳು" ಎನ್ನುತ್ತಿದ್ದಳು. ನಾನು, ತಲೆ ನರೆತ ಮನುಷ್ಯ, ತಲೆದಿಂಬು ಹಿಡಿದು ಅವಳ ಭುಜಕ್ಕೆ ತಳ್ಳಬೇಕು, ಅವಳು ಬೀಳದೆ ಚೆಂಡು ಉರುಳಿಸಿಕೊಂಡು ಓಣಿಯ ತುದಿ ಮುಟ್ಟಬೇಕು. ಮೆಲ್ಲಗೆ ತಳ್ಳಿದರೆ ಬೈಗುಳ ನನಗೇ. ಒಂದು ದಿನ ಗೋಡೆಗೆ ಉಜ್ಜಿ ಮೊಣಕೈ ಕಿತ್ತು ಬಂದಾಗ ಅಕ್ಕ ಹೊರಗೆ ಬಂದು ನನ್ನನ್ನು ಹಿಗ್ಗಾಮುಗ್ಗಾ ಬೈದಳು. ಬೈಸಿಕೊಳ್ಳಬೇಕಾದವರು ಒಳಗೆ ಕೂತು ಪೇಪರು ಓದುತ್ತಿದ್ದರು.

ಈ ವರ್ಷ ಆಟದ ತೂಕವೇ ಬೇರೆ ಇತ್ತು. ಫೈನಲ್ ನೋಡಲು ರಾಜ್ಯ ತಂಡದ ಆಯ್ಕೆಗಾರರು ಬರುವವರಿದ್ದರು. ಗುಬ್ಬಿಗೆ ಆ ವಯಸ್ಸಿನ ತಂಡ ಸೇರಲು ಇದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಅಕ್ಕ ಅವಳ ಬೂಟನ್ನು ತಾನೇ ಒರೆಸಿಡುತ್ತಿದ್ದಳು. ಸೆಮಿಫೈನಲ್ ಬಿದ್ದದ್ದು ಬೇಕರಿ ತಂಡದ ಮೇಲೆ. ಅವರ ಕೋಚು ಬೇಕರಿಯವನೇ, ತೋಳು ದಪ್ಪ, ನಗು ಅದಕ್ಕಿಂತ ದಪ್ಪ. ಎಂದಿನಂತೆ, "ನಮಗೆ ಕನ್ನಡಕದಂಗಡಿಯವರೇ ಆಗಬೇಕು" ಎಂದ. ನಾನು ಭಾವನ ಮನೆಗೆ ನುಗ್ಗಿ, "ಇದೊಂದು ಸಲ ಬೇಡ ಅನ್ನಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. "ಯಾಕೋ? ನಾನೇನು ಮೋಸ ಮಾಡ್ತೀನಾ?" ಎಂದರು. ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತೀರಿ?

ಪಂದ್ಯದಲ್ಲಿ ನಮ್ಮವರು ಒಂದು ಗೋಲು ಮುಂದಿದ್ದರು. ಗುಬ್ಬಿಗೆ ಮೊದಲರ್ಧದಲ್ಲೇ ಒಂದು ಹಳದಿ ಬಿದ್ದಿತ್ತು, ಬಿಚ್ಚಿದ ಲೇಸು ಕಟ್ಟಿಕೊಳ್ಳಲು ತಡ ಮಾಡಿದಳು ಎಂದು. ಬೇರೆ ಹುಡುಗಿಯಾಗಿದ್ದರೆ ಭಾವ ತಾವೇ ಬಗ್ಗಿ ಲೇಸು ಕಟ್ಟುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಗುಬ್ಬಿ ನನ್ನ ಕಡೆಯಿಂದಲೇ ಚೆಂಡು ತೆಗೆದುಕೊಂಡು ಒಳಗೆ ನುಗ್ಗಿದಳು. ಒಬ್ಬಳನ್ನು ದಾಟಿದಳು, ಗೋಲಿನ ಮುಂದಿನ ಚೌಕದೊಳಗೆ ಹೋದಳು, ಬೇಕರಿ ತಂಡದ ಉದ್ದ ಜಡೆಯ ಹುಡುಗಿ ಕಾಲಿಗೆ ಕಾಲು ಕೊಟ್ಟಳು. ಟಪ್ ಎಂದ ಸದ್ದು ನನಗೆ ಕೇಳಿಸಿತು. ಪೆನಾಲ್ಟಿ, ಕುರುಡನೂ ಕೊಡುವ ಪೆನಾಲ್ಟಿ. ನಾನು ಬಾವುಟ ಎತ್ತಿ ಕೈ ಸೋಲುವಷ್ಟು ಬೀಸಿದೆ.

ಭಾವ ಓಡಿ ಬಂದರು. ನನ್ನ ಬಾವುಟ ನೋಡಿದರು. ಬಿದ್ದಿದ್ದ ಮಗಳನ್ನು ನೋಡಿದರು. ಆಮೇಲೆ ಜೇಬಿಗೆ ಕೈಹಾಕಿ, ಬೀಳುವ ನಾಟಕ ಮಾಡಿದಳೆಂದು ಗುಬ್ಬಿಗೆ ಎರಡನೆಯ ಹಳದಿ ತೋರಿಸಿ, ಎರಡು ಹಳದಿಗೆ ಒಂದು ಕೆಂಪೆಂದು ಅದರ ಹಿಂದೆಯೇ ಕೆಂಪು ಎತ್ತಿದರು.

"ಭಾವ, ಕಣ್ಣೇನು ಅಡವಿಟ್ಟು ಬಂದಿದ್ದೀರಾ?" ನಾನು ಗೆರೆ ದಾಟಿ ಒಳಗೆ ಹೋಗಿ ಕಿರುಚಿದೆ. "ಕಾಲು ಕೊಟ್ಟಿದ್ದು ಇಲ್ಲಿವರೆಗೂ ಕೇಳಿಸ್ತು!"

"ನಿನ್ನ ಜಾಗಕ್ಕೆ ಹೋಗು" ಎಂದರು. ಮುಖ ಕಲ್ಲಿನ ಹಾಗಿತ್ತು. ಗುಬ್ಬಿ ಎದ್ದು, ಮೊಣಕಾಲಿನ ಮಣ್ಣು ಒರೆಸಿಕೊಂಡು, ಹೊರಗೆ ನಡೆದಳು. ಉಳಿದ ಹುಡುಗಿಯರು ಹಲ್ಲುಕಚ್ಚಿ ಆ ಒಂದು ಗೋಲನ್ನು ಕಾಪಾಡಿಕೊಂಡರು. ತಂಡ ಫೈನಲ್ಲಿಗೆ ಹೋಯಿತು, ಗುಬ್ಬಿ ಹೋಗುವಂತಿರಲಿಲ್ಲ.

ಆ ರಾತ್ರಿಯಿಂದ ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಈ ಮನೇಲಿ ಯಾರಿಗಾದ್ರೂ ಊಟ ಬೇಕಿದ್ರೆ ಅಡುಗೆಮನೇಲಿದೆ" ಎಂದರೆ ಭಾವ ಎದ್ದು ಹೋಗಿ ತಾವೇ ಬಡಿಸಿಕೊಳ್ಳುತ್ತಿದ್ದರು. ಗುಬ್ಬಿ ಮಾತ್ರ ನನ್ನನ್ನು ಓಣಿಗೆ ಕರೆದಳು, ದಿಂಬು ಕೈಗೆ ಕೊಟ್ಟಳು. "ನಾನೇ ಬೇಗ ಬಿದ್ದೆ ಮಾಮ. ಇನ್ನೂ ಜೋರಾಗಿ ತಳ್ಳು" ಎಂದಳು. ನನಗೆ ತಳ್ಳಲು ಕೈ ಬರಲಿಲ್ಲ. ದಿಂಬು ಎಸೆದು ಮನೆಗೆ ಬಂದೆ.

ಮರುದಿನ ಭಾವನ ಅಂಗಡಿಗೆ ಹೋದರೆ ಅಲ್ಲಿ ಬೇಕರಿ ಕೋಚು ನಿಂತಿದ್ದ. ನಗು ಇರಲಿಲ್ಲ. "ನಮ್ಮ ಹುಡುಗಿ ಅಳ್ತಾ ಇದಾಳೆ ಸಾರ್. ಕಾಲು ಕೊಟ್ಟಿದ್ದು ನಿಜ ಅಂತ ಅವಳೇ ಒಪ್ಕೊಂಡ್ಳು. ನೀವು ಮಗಳಿಗೆ ಫೌಲ್ ಕೊಡಲ್ಲ ಅಂತ ಗೊತ್ತಿತ್ತು, ಕೆಂಪು ಕೊಡ್ತೀರಿ ಅಂತ ಯಾರಿಗೆ ಗೊತ್ತಿತ್ತು? ಆ ಮಗು ಫೈನಲ್ ಆಡ್ಲಿ. ಸಮಿತಿ ಮುಂದೆ ಬಂದು ತಪ್ಪು ನೋಡಿದೆ ಅಂದ್ಬಿಡಿ. ನಮ್ಮ ತಕರಾರಿಲ್ಲ."

ಭಾವ ಗಾಜು ಉಜ್ಜುತ್ತಲೇ ಇದ್ದರು. "ನೋಡ್ತೀನಿ" ಎಂದರು.

"ಇನ್ನೇನು ನೋಡೋದು?" ಎಂದೆ ನಾನು. "ಸೋತವರೇ ಬಂದು ಕೇಳ್ತಿದಾರೆ. ಗೋಲ್‌ಕೀಪರಿಗೆ ಮಾಡಲಿಲ್ವಾ? ಅವತ್ತು ಓಡಿ ಹೋದ್ರಲ್ಲ!"

"ಅದು ಬೇರೆ."

"ಏನು ಬೇರೆ?"

"ಅವಳು ನನ್ನ ಮಗಳಲ್ಲ" ಎಂದರು ಭಾವ. "ಇವಳಿಗೆ ಮಾಡಿದ್ರೆ ಜನ ಏನಂತಾರೆ? ಮಗಳು ಅಂತ ಕಾರ್ಡು ವಾಪಸ್ ತಗೊಂಡ ಅಂತಾರೆ."

"ಅನ್ಲಿ ಬಿಡ್ರೀ! ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆ ಹುಡುಗಿ ಜನ್ಮದಲ್ಲಿ ಇನ್ನೊಂದು ಸಲ ಸಿಗಲ್ಲ ಇದು!" ನಾನು ಮೇಜು ಕುಟ್ಟಿದೆ. ತಿರುಪುಗಳ ಡಬ್ಬಿ ಉರುಳಿ ಚೂರು ಚೂರು ತಿರುಪುಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಮೂವರೂ ಮಂಡಿಯೂರಿ ಹೆಕ್ಕಿದೆವು. ಕೊನೆಗೆ ಎದ್ದು ನಿಂತಾಗ ಭಾವ, "ಸಂಜೆ ಸಮಿತಿಗೆ ಬರ್ತೀನಿ ಅಂತ ಹೇಳು" ಎಂದರು. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಸಮಿತಿಯ ಅಧ್ಯಕ್ಷರು ಹಲ್ಲಿನ ಡಾಕ್ಟರು. ಸಭೆ ನಡೆಯುವುದು ಅವರ ದವಾಖಾನೆಯ ಮುಂದಿನ ಕೋಣೆಯಲ್ಲಿ, ಗೋಡೆಯ ಮೇಲೆ ಆಳೆತ್ತರದ ದವಡೆ ಹಲ್ಲಿನ ಚಿತ್ರದ ಕೆಳಗೆ. ಒಂದು ಮೂಲೆಯಲ್ಲಿ ಕೆನ್ನೆ ಊದಿಸಿಕೊಂಡ ರೋಗಿಯೊಬ್ಬ ಕೂತಿದ್ದ. ಪೀಪಿ ಮೇಷ್ಟ್ರಿದ್ದರು, ಮಿಲ್ಲಿನವನಿದ್ದ, ಬೇಕರಿ ಕೋಚು ಬಂದಿದ್ದ. ಅಕ್ಕ ಬರಲಿಲ್ಲ. ಗುಬ್ಬಿ ಬಂದು ಬಾಗಿಲ ಹತ್ತಿರ ನಿಂತಿದ್ದಳು.

"ಬನ್ನಿ ಬನ್ನಿ" ಎಂದರು ಡಾಕ್ಟರು. "ವಿಷಯ ಎಲ್ಲರಿಗೂ ಗೊತ್ತು. ತಪ್ಪು ನೋಡಿದೆ ಅಂತ ಒಂದು ಮಾತು ಹೇಳಿ, ಕಾರ್ಡು ರದ್ದು. ಒಳಗೆ ಇನ್ನೊಬ್ಬರು ಬಾಯಿ ತೆಕ್ಕೊಂಡು ಕಾಯ್ತಿದಾರೆ."

"ತಪ್ಪು ನೋಡಲಿಲ್ಲ ಡಾಕ್ಟ್ರೇ" ಎಂದರು ಭಾವ.

ಹಾಗಾದರೆ ಬಂದದ್ದು ಯಾಕೆ ಈ ಮನುಷ್ಯ?

"ಅಂದ್ರೆ? ಮಗಳು ನಾಟಕ ಮಾಡಿದ್ಳು ಅಂತಲೇ ಹೇಳ್ತೀರಾ?"

"ಇಲ್ಲ. ಫೌಲ್ ಆಗಿತ್ತು. ಕಾಲಿಗೆ ಕಾಲು ಕೊಟ್ಟಿದ್ದು ನಾನು ಸರಿಯಾಗೇ ನೋಡಿದೆ. ಬೇರೆಯವರ ಮಗಳಾಗಿದ್ದಿದ್ರೆ ಪೆನಾಲ್ಟಿ ಕೊಡ್ತಿದ್ದೆ. ಇವಳು ಅಂತ ಕೊಡ್ಲಿಲ್ಲ."

ಕೆನ್ನೆ ಊದಿದ ರೋಗಿಯೂ ನರಳುವುದನ್ನು ನಿಲ್ಲಿಸಿದ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ರೀ, ನೀವು ಹೇಳ್ತಿರೋದು ಏನು ಅಂತ ಗೊತ್ತಿದೆಯಾ? ತಪ್ಪು ನೋಡೋದು ಎಲ್ಲರಿಗೂ ಆಗುತ್ತೆ. ಸರಿಯಾಗಿ ನೋಡಿ ಬೇಕೂಂತ ಉಲ್ಟಾ ಕೊಟ್ಟೆ ಅಂದ್ರೆ ನಿಮ್ಮನ್ನ ರೆಫ್ರಿ ಅಂತ ಇಟ್ಕೊಳ್ಳೋಕಾಗಲ್ಲ. ಇನ್ನೊಂದ್ಸಲ ಕೇಳ್ತೀನಿ, ಯೋಚ್ನೆ ಮಾಡಿ ಹೇಳಿ. ಬಿಸಿಲಿತ್ತಾ? ಧೂಳಿತ್ತಾ? ಯಾರಾದ್ರೂ ಅಡ್ಡ ಬಂದ್ರಾ?"

"ಧೂಳಿತ್ತು!" ಎಂದು ನಾನು ಕೂಗಿದೆ. "ನನ್ನ ಕಣ್ಣಿಗೇ ಬಿತ್ತು!"

"ನಮ್ಮ ಹುಡುಗಿ ಅಡ್ಡ ಇದ್ಳು, ದಪ್ಪ ಹುಡುಗಿ" ಎಂದ ಬೇಕರಿ ಕೋಚು.

"ಧೂಳಿರಲಿಲ್ಲ. ಯಾರೂ ಅಡ್ಡ ಇರಲಿಲ್ಲ" ಎಂದರು ಭಾವ.

ನನಗೆ ಅವರ ಕುತ್ತಿಗೆ ಪಟ್ಟಿ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಒಂದು ಮಾತು, ಒಂದೇ ಒಂದು ಸಣ್ಣ ಸುಳ್ಳು. ಮಗಳಿಗೂ ಒಳ್ಳೆಯದು, ಇವರಿಗೂ ಒಳ್ಳೆಯದು, ಊಟಕ್ಕೆ ಮೊದಲು ಎಲ್ಲರೂ ಮನೆ ಸೇರಬಹುದಿತ್ತು. ವರ್ಷಗಟ್ಟಲೆ ಮಗಳಿಗೆ ಮೋಸ ಮಾಡುವಾಗ ಎಲ್ಲಿ ಮಲಗಿತ್ತೋ ಈ ಪ್ರಾಮಾಣಿಕತೆ, ಈಗ ಮೈಮೇಲೆ ಬಂದಿತ್ತು!

ಡಾಕ್ಟರು ಸುತ್ತಲಿದ್ದವರ ಮುಖ ನೋಡಿದರು. ಕಾರ್ಡು ರದ್ದು, ಹುಡುಗಿ ಆಡಬಹುದು ಎಂದರು. ಭಾವ ಇನ್ನು ಮುಂದೆ ಸೀಟಿ ಹಿಡಿಯುವಂತಿಲ್ಲ ಎಂಬುದನ್ನು ಸುತ್ತಿ ಬಳಸಿ, ಕೆಮ್ಮಿ, ಕೊನೆಗೆ ಹೇಳಿ ಮುಗಿಸಿದರು. ಮಿಲ್ಲಿನವನು "ಛೆ" ಎಂದ. ಭಾವ ಹೂಂಗುಟ್ಟಿದರು, ಹಗುರಾದವರ ಹಾಗೆ ಕಂಡರು. ಎಲ್ಲ ಸರಿಯಾಯಿತೆಂದೇ ಆ ಮನುಷ್ಯ ತಿಳಿದಿದ್ದರು. ಬಾಗಿಲ ಕಡೆ ತಿರುಗಿ, "ಆಡು ಹೋಗಮ್ಮ" ಎಂದರು.

ಗುಬ್ಬಿ ಕದಲಲಿಲ್ಲ.

"ಅಪ್ಪ, ಹೋದ ವರ್ಷ ಏಟು ಬಿದ್ದು ನಂದು ಹಲ್ಲು ಅಲ್ಲಾಡ್ತಿತ್ತಲ್ಲ, ಆವತ್ತು?"

"ಆವತ್ತೂ ನೋಡಿದ್ದೆ."

"ಮೊಣಕಾಲು ಹೊಲಿಗೆ ಹಾಕಿಸಿದ್ದು?"

"ಅದೂ ಫೌಲೇ."

"ನಾನು ಬೇಗ ಬೀಳ್ತೀನಿ ಅಂತ ಹೇಳಿದ್ಯಲ್ಲಪ್ಪ." ಅವಳ ದನಿ ಏರಲಿಲ್ಲ. "ನಾನು ನಂಬಿದ್ದೆ. ಅಮ್ಮ, ಮಾಮ ಎಲ್ಲಾ ಬೇರೆ ಹೇಳಿದ್ರೂ ನಿನ್ನನ್ನೇ ನಂಬಿದ್ದೆ."

ಗುಬ್ಬಿ ನನ್ನ ಕಡೆ ತಿರುಗಿ, "ಮಾಮ, ಮನೆಗೆ ಹೋಗೋಣ" ಎಂದಳು. ನಾನು ಹೋದೆ. ಭಾವ ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಬಂದರು.

ಫೈನಲ್ಲಿನ ನಂತರ ಗುಬ್ಬಿ ರಾಜ್ಯ ತಂಡಕ್ಕೆ ಆಯ್ಕೆಯಾದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಸುಮ್ಮನೆ ನಿಮ್ಮ ಜೀವ ತಿನ್ನುವುದು ಬೇಡ. ಅಕ್ಕ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು, ಬೇಕರಿಯವನು ತಾನಾಗಿಯೇ ಕೇಕು ತಂದುಕೊಟ್ಟ. ಆದರೆ ನಾನು ಹೇಳಬೇಕೆಂದಿರುವುದು ಫೈನಲ್ಲಿನಲ್ಲಿ ನಡೆದದ್ದು.

ಆ ಪಂದ್ಯಕ್ಕೆ ಬೇರೆ ಊರಿನಿಂದ ಒಬ್ಬ ಹೆಂಗಸನ್ನು ರೆಫರಿಯಾಗಿ ಕರೆಸಿದ್ದರು. ನನ್ನ ಬಾವುಟವನ್ನೂ ಕಿತ್ತುಕೊಂಡಿದ್ದರು, ಇನ್ನು ನೆಂಟರ ಸಹವಾಸವೇ ಬೇಡವೆಂದು. ಹಾಗಾಗಿ ನಾನೂ ಭಾವನೂ ಮೊದಲ ಸಲ ಜನರ ನಡುವೆ, ಗೆರೆಗೆ ಹತ್ತಿರದ ಬೆಂಚಿನಲ್ಲಿ ಕೂತೆವು. ಭಾವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗುಬ್ಬಿ ಚೆಂಡಿನ ಜೊತೆ ನಮ್ಮ ಮುಂದೆಯೇ ಓಡಿ ಬಂದಳು. ಹಿಂದಿನಿಂದ ಒಬ್ಬಳು ಅಡ್ಡಗಾಲು ಹಾಕಿದಳು. ಗುಬ್ಬಿ ಮುಗ್ಗರಿಸಿ ಬಿದ್ದಳು. ಆ ಹೆಂಗಸು ತಕ್ಷಣ ಸೀಟಿ ಊದಿ ಓಡಿ ಬಂದರು.

ಗುಬ್ಬಿ ದಡಬಡಿಸಿ ಎದ್ದಳು. ನೆಟ್ಟಗೆ ನಿಂತು, ಎರಡೂ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿದಳು. "ಸಾರಿ ಮೇಡಂ" ಎಂದಳು. "ಕಾರ್ಡು ಬೇಡ ಮೇಡಂ, ಇನ್ಮೇಲೆ ಬೀಳಲ್ಲ."

ಆ ಹೆಂಗಸಿಗೆ ಅರ್ಥವಾಗಲಿಲ್ಲ. "ನಿಂಗ್ಯಾಕಮ್ಮ ಕಾರ್ಡು?" ಎಂದರು. "ಬೀಳಿಸಿದ್ದು ಅವಳು. ಫ್ರೀ ಕಿಕ್ ನಿಂದು."

ಗುಬ್ಬಿ ತಲೆಯೆತ್ತಿ ನೋಡಿದಳು, ಕೈ ಬಿಚ್ಚಲಿಲ್ಲ. "ಚೆಂಡು ಇಡಮ್ಮ, ನಿಂದೇ" ಎಂದು ಆಕೆ ಮತ್ತೆ ಹೇಳಬೇಕಾಯಿತು.

ನನ್ನ ಪಕ್ಕದಲ್ಲಿ ಭಾವ ಎದ್ದು ನಿಂತಿದ್ದರು. "ನಾನು ಅಂಗಡಿಗೆ ಹೋಗ್ತೀನಿ" ಎಂದರು. ನಾನು ಅವರ ಅಂಗಿ ಹಿಡಿದು ಕೆಳಕ್ಕೆ ಜಗ್ಗಿದೆ.

"ಎಲ್ಲಿಗೂ ಹೋಗ್ಬೇಡಿ. ಕೂತ್ಕೊಂಡು ಪೂರ್ತಿ ನೋಡಿ."

ಭಾವ ಕೂತರು.